ಎರಡಿಂಚು ಎತ್ತರಿಸಿದ ಜೀಪು

ಕೊಡಚಾದ್ರಿಗೋ ಮಡಿಕೇರಿ ಬಳಿಯ ಮಾಂದಲಪಟ್ಟಿಗೋ ಜೀಪಿನಲ್ಲಿ ಕುಲುಕಾಡುತ್ತ ಹೋಗಿಬಂದವರು ಒಂದು ಸಂಗತಿ ಗಮನಿಸಿರಬಹುದು. ಬಲಗಡೆಯ ಚಕ್ರ ಬಂಡೆ ಏರಿದರೆ ಎಡಗಡೆಯದು ತಾನಾಗಿ ಕೊರಕಲಿಗೆ ಒತ್ತಿಕೊಳ್ಳುತ್ತದೆ. ಒಳಗೆ ಕುಳಿತವರ ಸೊಂಟ ನುಗ್ಗಾದೀತೇ ಹೊರತು ಚಕ್ರಗಳು ಸುಲಭಕ್ಕೆ ನೆಲ ಬಿಡುವುದಿಲ್ಲ. ಇದರ ಗುಟ್ಟು ಎತ್ತಿನಗಾಡಿಯ ಅಚ್ಚಿನಷ್ಟೇ ಹಳೆಯದು. ಗಾಡಿಯ ಎರಡು ಚಕ್ರಗಳ ನಡುವೆ ಒಂದೇ ಅಚ್ಚು ಇರುವಂತೆ ಇಂಥ ಜೀಪುಗಳ ಮುಂದಿನ ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಉಕ್ಕಿನ ಕೊಳವೆ ಬೆಸೆದಿರುತ್ತದೆ. ಸಾಲಿಡ್ ಆಕ್ಸಲ್ ಎನ್ನುವುದು ಇದನ್ನೇ. ಇಂದಿನ ಹೆಚ್ಚಿನ ಕಾರುಗಳಲ್ಲಿ ಮುಂದಿನ ಚಕ್ರಗಳು ತಂತಮ್ಮ ಪಾಡಿಗೆ ಏರಿ ಇಳಿಯುತ್ತವೆ. ಗಟ್ಟಿ ಅಚ್ಚಿನಲ್ಲಿ ಅವು ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು.

1941ರಲ್ಲಿ ಅಮೆರಿಕದ ಸೈನ್ಯಕ್ಕೆಂದು ತಯಾರಾದ ವಿಲ್ಲಿಸ್ ಜೀಪಿಗೆ ಹಿಂದೆಯೂ ಮುಂದೆಯೂ ಇಂಥದೇ ಅಚ್ಚು ಇತ್ತು. ಆ ಜೀಪುಗಳನ್ನು ಮಹೀಂದ್ರ ಸಂಸ್ಥೆ 1947ರಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಮಲೆನಾಡಿನ ತೋಟದ ಮನೆಗಳ ಕೊಟ್ಟಿಗೆ ಸೇರಿದ ಹಳೆಯ ಜೀಪುಗಳೆಲ್ಲ ಅದೇ ವಂಶದವು. 1985ರಲ್ಲಿ ಬಂದ ಮಾರುತಿ ಜಿಪ್ಸಿಯದೂ ಗಟ್ಟಿ ಅಚ್ಚೇ. 2023ರಲ್ಲಿ ನಮ್ಮ ರಸ್ತೆಗಿಳಿದ ಐದು ಬಾಗಿಲ ಜಿಮ್ನಿಯದೂ ಅದೇ. ಥಾರ್ ಮಾತ್ರ ನೋಡಲು ಜೀಪಿನಂತೆ ಇದ್ದರೂ ಮುಂದಿನ ಚಕ್ರಗಳ ವಿಷಯದಲ್ಲಿ ಈ ಸಾಲಿಗೆ ಸೇರುವುದಿಲ್ಲ.

ಇಂಥ ವಾಹನ ಮನೆಯಲ್ಲಿದ್ದು, ಮನೆಯಲ್ಲೊಬ್ಬ ಕಾಲೇಜು ಓದುವ ಹುಡುಗನೂ ಇದ್ದರೆ ಒಂದಲ್ಲ ಒಂದು ದಿನ ಬೇಡಿಕೆ ಬಂದೇ ಬರುತ್ತದೆ: ‘ಅಪ್ಪಾ, ಎರಡಿಂಚು ಎತ್ತರಿಸೋಣ.’ ಸ್ಪ್ರಿಂಗು ಬದಲಿಸಿ, ದೊಡ್ಡ ಟೈರು ತೊಡಿಸಿದರೆ ಆಯಿತು ಎಂಬುದು ಅವನ ಲೆಕ್ಕ. ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ. ಗಾಡಿ ಗತ್ತಿನಿಂದ ನಿಲ್ಲುತ್ತದೆ. ಆದರೆ ಹೆದ್ದಾರಿಗೆ ಬಂದ ಮೇಲೆ ಅದು ಮೊದಲಿನಂತೆ ಇರುವುದಿಲ್ಲ. ನೇರ ರಸ್ತೆಯಲ್ಲೂ ಅತ್ತ ಇತ್ತ ಎಳೆಯುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗು ತಾನಾಗಿ ಹಿಂದಿರುಗುವುದಿಲ್ಲ. ವೀಲ್ ಅಲೈನ್‌ಮೆಂಟ್ ಅಂಗಡಿಗೆ ಒಯ್ದರೆ ಕಂಪ್ಯೂಟರಿನ ಪರದೆ ತುಂಬ ಕೆಂಪು ಅಂಕಿಗಳು. ಅಂಗಡಿಯಾತ ಹೇಳುತ್ತಾನೆ: ‘ತಮ್ಮಾ, ಇದರಲ್ಲಿ ಟೋ ಒಂದು ಬಿಟ್ರೆ ಬೇರೇನೂ ತಿರುಗಿಸೋಕೆ ಬರಲ್ಲ.’

ಆತನ ಮಾತು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನಲ್ಲಿ ಜೀವದ ಪ್ರಶ್ನೆ ಇದೆ.

ಚಕ್ರಗಳ ಹೊಂದಾಣಿಕೆಯಲ್ಲಿ ಮೂರು ಕೋನಗಳು ಮುಖ್ಯ. ಮೊದಲನೆಯದು ಟೋ. ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರಗಳು ಸಮಾನಾಂತರವಾಗಿವೆಯೇ, ಇಲ್ಲ ಮೂಗು ಒಳಗೆ ಮಾಡಿವೆಯೇ, ಹೊರಗೆ ಮಾಡಿವೆಯೇ ಎಂಬುದು. ಎರಡನೆಯದು ಕ್ಯಾಂಬರ್. ಎದುರಿನಿಂದ ನೋಡಿದಾಗ ಚಕ್ರ ನೆಟ್ಟಗಿದೆಯೇ, ತಲೆ ಒಳಗೋ ಹೊರಗೋ ವಾಲಿದೆಯೇ ಎಂಬುದು. ಈ ಎರಡನ್ನೂ ಕಣ್ಣಿನಿಂದಲೇ ಅಂದಾಜು ಮಾಡಬಹುದು. ಮೂರನೆಯದಾದ ಕ್ಯಾಸ್ಟರ್ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಅದನ್ನು ಹೆಚ್ಚಿನವರು ಮರೆಯುತ್ತಾರೆ.

ಕ್ಯಾಸ್ಟರ್ ಅರ್ಥವಾಗಬೇಕಾದರೆ ಮನೆಯ ಸೈಕಲ್ಲನ್ನು ಪಕ್ಕದಿಂದ ನೋಡಿದರೆ ಸಾಕು. ಮುಂದಿನ ಚಕ್ರ ಹಿಡಿದ ಫೋರ್ಕು ನೆಟ್ಟಗಿಲ್ಲ. ಅದರ ತಲೆ ಸವಾರನ ಕಡೆಗೆ ವಾಲಿದೆ. ಹ್ಯಾಂಡಲ್ಲು ತಿರುಗುವ ಆ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಚಕ್ರ ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬಂದು ತಾಕುತ್ತದೆ. ಅಂದರೆ ಚಕ್ರ ತನ್ನ ತಿರುಗು ಗೆರೆಯ ಹಿಂದೆ ಹಿಂದೆ ಎಳೆಸಿಕೊಂಡು ಬರುತ್ತದೆ, ಆಸ್ಪತ್ರೆಯ ಟ್ರಾಲಿಯ ಪುಟ್ಟ ಗಾಲಿಯ ಹಾಗೆ. ಎಳೆಸಿಕೊಳ್ಳುವ ವಸ್ತು ಯಾವಾಗಲೂ ಎಳೆಯುವವನ ಹಿಂದೆ ನೇರವಾಗಲು ನೋಡುತ್ತದೆ. (ಸೈಕಲ್ಲು ಬೀಳದಿರುವುದರ ಪೂರ್ತಿ ಕಾರಣ ಇಷ್ಟೇ ಅಲ್ಲ. ಈ ಗುಣ ಇಲ್ಲದಂತೆ ಕಟ್ಟಿದ ಸೈಕಲ್ಲು ಕೂಡ ತಾನಾಗಿ ನಿಲ್ಲಬಲ್ಲದು ಎಂದು 2011ರಲ್ಲಿ ಅಮೆರಿಕ ಮತ್ತು ಹಾಲೆಂಡಿನ ಸಂಶೋಧಕರು ತೋರಿಸಿದರು. ಆ ಕಥೆ ಬೇರೆ.) ನಾಲ್ಕು ಚಕ್ರದ ವಾಹನ ನೇರ ಓಡಲು, ತಿರುವಿನ ನಂತರ ಸ್ಟೀರಿಂಗು ತಾನಾಗಿ ಹಿಂದಿರುಗಲು ಈ ಕೋನವೇ ದೊಡ್ಡ ಆಧಾರ.

ವಿಲ್ಲಿಸ್ ಜೀಪಿಗೆ ಕಾರ್ಖಾನೆಯವರು ಕೊಟ್ಟ ಕ್ಯಾಸ್ಟರ್ 3 ಡಿಗ್ರಿ. ಇದು ಎಷ್ಟು ದೊಡ್ಡದು? ಚಕ್ರದ ತ್ರಿಜ್ಯ 35 ಸೆಂ.ಮೀ. ಎಂದಿಟ್ಟುಕೊಳ್ಳಿ. 35ನ್ನು 3 ಡಿಗ್ರಿಯ ಟ್ಯಾನ್‌ನಿಂದ ಗುಣಿಸಿದರೆ ಸುಮಾರು 1.8 ಸೆಂ.ಮೀ. ಬರುತ್ತದೆ. ಒಂದು ಟನ್ನಿನಷ್ಟು ತೂಗುವ ವಾಹನವನ್ನು ನೇರ ದಾರಿಯಲ್ಲಿ ಇಡುವ ಹಿಡಿತದ ಬಹುಪಾಲು ಇರುವುದು ಈ ಒಂದು ಹೆಬ್ಬೆರಳಿನ ಅಗಲದಲ್ಲಿ. ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.

ಈಗ ಎತ್ತರಿಸುವ ಕೆಲಸಕ್ಕೆ ಬರೋಣ. ಹಳೆಯ ಜೀಪಿನಲ್ಲಿ ಮುಂದಿನ ಅಚ್ಚನ್ನು ಹೊತ್ತಿರುವುದು ಲೀಫ್ ಸ್ಪ್ರಿಂಗು, ಅಂದರೆ ಒಂದರ ಮೇಲೊಂದು ಪೇರಿಸಿದ ಬಾಗಿದ ಪ್ಲೇಟುಗಳು. ಅದರ ಹಿಂದಿನ ತುದಿ ಚಾಸಿಗೆ ನೇರ ಕಟ್ಟಿದೆ. ಮುಂದಿನ ತುದಿ ಶ್ಯಾಕಲ್ ಎಂಬ ತೂಗುಪಟ್ಟಿಯಲ್ಲಿ ನೇತಾಡುತ್ತದೆ. ಅತಿ ಅಗ್ಗದ ಉಪಾಯವೆಂದರೆ ಆ ಶ್ಯಾಕಲ್ಲನ್ನು ಉದ್ದ ಮಾಡಿಸುವುದು. 5 ಸೆಂ.ಮೀ. ಉದ್ದ ಮಾಡಿಸಿದರು ಎನ್ನೋಣ. ಅಚ್ಚು ಸ್ಪ್ರಿಂಗಿನ ನಡುಮಧ್ಯದಲ್ಲಿ ಇರುವುದರಿಂದ ಸಿಗುವ ಎತ್ತರ ಅದರ ಅರ್ಧ, ಎರಡೂವರೆ ಸೆಂ.ಮೀ. ಮಾತ್ರ. ಆದರೆ ಮುಂದಿನ ತುದಿ 5 ಸೆಂ.ಮೀ. ಕೆಳಗಿಳಿದಿದೆ. ಸ್ಪ್ರಿಂಗಿನ ಉದ್ದ 90 ಸೆಂ.ಮೀ. ಆದರೆ, ಅದು ಮುಂದಕ್ಕೆ ಬಾಗಿದ ಕೋನ ಮೂರು ಡಿಗ್ರಿಗಿಂತ ತುಸು ಹೆಚ್ಚು. ಸ್ಪ್ರಿಂಗಿನ ಜತೆ ಅದಕ್ಕೆ ಬಿಗಿದ ಅಚ್ಚೂ ಅಷ್ಟೇ ಮುಂದಕ್ಕೆ ಉರುಳುತ್ತದೆ. ಕಾರ್ಖಾನೆಯವರು ಕೊಟ್ಟ 3 ಡಿಗ್ರಿ ಅಲ್ಲಿಗೆ ಸೊನ್ನೆ. ಒಂದಿಂಚು ಎತ್ತರಕ್ಕೆ ಇಡೀ ಕ್ಯಾಸ್ಟರನ್ನೇ ತೆತ್ತ ಹಾಗಾಯಿತು. ಇಷ್ಟು ದುಬಾರಿ ವ್ಯಾಪಾರ ಸಂತೆಯಲ್ಲೂ ನಡೆಯುವುದಿಲ್ಲ.

ಜಿಮ್ನಿಯಂಥ ಹೊಸ ವಾಹನಗಳಲ್ಲಿ ಸುರುಳಿ ಸ್ಪ್ರಿಂಗು ಇರುತ್ತದೆ. ಅಚ್ಚನ್ನು ಮುಂದಕ್ಕೂ ಹಿಂದಕ್ಕೂ ಹೋಗದಂತೆ ಹಿಡಿಯಲು ಎರಡು ಉದ್ದ ತೋಳುಗಳಿವೆ. ತೋಳಿನ ಮುಂದಿನ ತುದಿ ಅಚ್ಚಿಗೆ, ಹಿಂದಿನ ತುದಿ ಚಾಸಿಗೆ. ಚಾಸಿ ಮೇಲೆದ್ದಾಗ ತೋಳಿನ ಹಿಂದಿನ ತುದಿಯೂ ಏಳುತ್ತದೆ, ಅಚ್ಚು ಮುಂದಕ್ಕೆ ಉರುಳುತ್ತದೆ. ತೋಳು ಒಂದು ಮೀಟರ್ ಉದ್ದವಿದ್ದು ಎತ್ತರ 5 ಸೆಂ.ಮೀ. ಹೆಚ್ಚಿದರೆ ನಷ್ಟ ಮೂರು ಡಿಗ್ರಿಗೆ ಸ್ವಲ್ಪವೇ ಕಡಿಮೆ. ತೋಳು ಗಿಡ್ಡವಾದಷ್ಟೂ ನಷ್ಟ ಹೆಚ್ಚು. ಸ್ಪ್ರಿಂಗು ಬೇರೆಯಾದರೂ ಸಾಲ ಅದೇ.

ಕ್ಯಾಂಬರಿಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ಗಟ್ಟಿ ಅಚ್ಚಿನ ಚೆಲುವು ಇರುವುದೇ ಇಲ್ಲಿ. ಬೇರೆ ಬೇರೆ ಚಕ್ರಗಳ ಕಾರನ್ನು ಎತ್ತರಿಸಿದರೆ ಕ್ಯಾಂಬರ್ ಕೆಡುತ್ತದೆ. ಇಲ್ಲಿ ಅದು ಉಕ್ಕಿನಲ್ಲೇ ಕೊರೆದಿಟ್ಟ ಕೋನ. ಮೇಲಿನ ಡಬ್ಬಿಯನ್ನು ಎಷ್ಟು ಎತ್ತಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಪರದೆಯ ಮೇಲೆ ಕ್ಯಾಂಬರ್ ಕೆಂಪಾಗಿ ಕಂಡರೆ ಎತ್ತರಿಸಿದ್ದನ್ನು ದೂರಬೇಕಿಲ್ಲ. ಅಚ್ಚು ಬಾಗಿದೆ, ಇಲ್ಲವೇ ಬಾಲ್ ಜಾಯಿಂಟೋ ಬೇರಿಂಗೋ ಸವೆದಿದೆ. ಎಡ ಬಲ ಚಕ್ರಗಳ ಕ್ಯಾಸ್ಟರಿನಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಅಚ್ಚು ತಿರುಚಿಕೊಂಡಿರುವ ಸಂಭವವುಂಟು. ಸೆಕೆಂಡ್ ಹ್ಯಾಂಡ್ ಜೀಪು ಕೊಳ್ಳುವವರಿಗೆ ಇದಕ್ಕಿಂತ ಪ್ರಾಮಾಣಿಕ ಜಾತಕ ಬೇರೆ ಇಲ್ಲ.

ಕಳೆದುಹೋದ ಕ್ಯಾಸ್ಟರನ್ನು ಹಿಂದಕ್ಕೆ ಪಡೆಯಲು ದಾರಿಗಳಿವೆ. ಅಂಗಡಿಯಾತನ ಮಾತಿನಲ್ಲಿ ಬಿಟ್ಟುಹೋದ ಕಾಲು ಪಾಲು ಇದು. ಲೀಫ್ ಸ್ಪ್ರಿಂಗಿನ ಜೀಪಾದರೆ ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಬೆಣೆಯಾಕಾರದ ಲೋಹದ ಪಟ್ಟಿ ಇಟ್ಟು ಬಿಗಿಯುತ್ತಾರೆ. ಬಡಗಿ ಬಾಗಿಲಿಗೆ ಹೊಡೆಯುವ ಬೆಣೆಯ ಹಾಗೆಯೇ. ಅದರ ದಪ್ಪ ಬದಿ ಯಾವ ಕಡೆ ಬರಬೇಕು ಎಂಬುದು ಸ್ಪ್ರಿಂಗು ಅಚ್ಚಿನ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಅವಲಂಬಿಸಿದೆ. ತಿರುವುಮುರುವಾದರೆ ನಷ್ಟ ಎರಡರಷ್ಟಾಗುತ್ತದೆ. ಆದ್ದರಿಂದ ಬಿಗಿದ ಮೇಲೆ ಅಳೆಯದೆ ಬಿಡುವಂತಿಲ್ಲ. ತೋಳುಗಳ ವಾಹನಕ್ಕಾದರೆ ತೂತು ಓರೆಯಾಗಿರುವ ಬುಷ್‌ಗಳು ಸಿಗುತ್ತವೆ. ಹೆಚ್ಚು ಎತ್ತರಕ್ಕೆ ತೋಳುಗಳನ್ನೇ ಬದಲಿಸುತ್ತಾರೆ.

ಆದರೆ ಇಲ್ಲೊಂದು ಪೇಚಿದೆ. ಮುಂದಿನ ಅಚ್ಚಿನ ನಡುವೆ ಡಿಫರೆನ್ಶಿಯಲ್ ಎಂಬ ಗಡಿಗೆ ಇದೆ. ಅದರ ಮೂತಿ ಹಿಂದಕ್ಕೆ ಚಾಚಿ ಪ್ರೊಪೆಲ್ಲರ್ ಶಾಫ್ಟಿಗೆ ಸೇರುತ್ತದೆ. ಮೂತಿಯೂ ಚಕ್ರದ ಗೆಣ್ಣೂ ಒಂದೇ ಉಕ್ಕಿನ ಭಾಗಗಳು. ಕ್ಯಾಸ್ಟರ್ ಬೇಕೆಂದು ಅಚ್ಚನ್ನು ಹಿಂದಕ್ಕೆ ಉರುಳಿಸಿದರೆ ಮೂತಿ ಕೆಳಗೆ ಬಾಗುತ್ತದೆ. ವಾಹನ ಎತ್ತರವಾದ್ದರಿಂದ ಶಾಫ್ಟು ಮೊದಲೇ ಕಡಿದಾಗಿದೆ. ಈಗ ಅದರ ಜಾಯಿಂಟಿನ ಮಡಿಕೆ ಇನ್ನೂ ಹೆಚ್ಚಾಯಿತು. ಶಾಫ್ಟು ನಡುಗುತ್ತದೆ, ಜಾಯಿಂಟು ಬೇಗ ಸವೆಯುತ್ತದೆ. ಮೂತಿಗೆ ಅನುಕೂಲ ಮಾಡಿದರೆ ಚಕ್ರ ಮುನಿಯುತ್ತದೆ, ಚಕ್ರಕ್ಕೆ ಅನುಕೂಲ ಮಾಡಿದರೆ ಮೂತಿ ಮುನಿಯುತ್ತದೆ. ಅತ್ತೆ ಸೊಸೆಯರ ನಡುವಿನ ಮಗನ ಪಾಡು ಅಚ್ಚಿನದು. ವಿದೇಶಗಳಲ್ಲಿ ತುಂಬ ಎತ್ತರಿಸುವವರು ಅಚ್ಚಿನ ತುದಿಯ ಗೆಣ್ಣನ್ನು ಕತ್ತರಿಸಿ, ಬೇಕಾದ ಕೋನಕ್ಕೆ ತಿರುಗಿಸಿ ಮತ್ತೆ ಬೆಸುಗೆ ಹಾಕುವುದುಂಟು. ಅದು ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯ ಕೆಲಸವಲ್ಲ. ಆ ಬೆಸುಗೆ ಬಿಟ್ಟರೆ ಚಕ್ರವೇ ಹೋಯಿತು. ಫ್ರೀ ವೀಲಿಂಗ್ ಹಬ್ ಇರುವ ಹಳೆಯ ಜೀಪಿನಲ್ಲಿ ಹಬ್ ಬಿಡಿಸಿಟ್ಟರೆ ಹೆದ್ದಾರಿಯಲ್ಲಿ ಮುಂದಿನ ಶಾಫ್ಟು ತಿರುಗುವುದೇ ಇಲ್ಲ. ಆದಕಾರಣ ಅಂಥ ಕಡೆ ಕ್ಯಾಸ್ಟರಿಗೇ ಮೊದಲ ಮಣೆ ಹಾಕುವುದು ಜಾಣತನ. ಎತ್ತರವನ್ನೇ ಕಡಿಮೆ ಇಟ್ಟುಕೊಳ್ಳುವುದು ಅದಕ್ಕಿಂತ ಜಾಣತನ.

ಇನ್ನು ಸ್ಟೀರಿಂಗಿನ ಸಮಾಚಾರ. ಜಿಮ್ನಿಯಂಥವುಗಳಲ್ಲಿ ಸ್ಟೀರಿಂಗ್ ಪೆಟ್ಟಿಗೆಯಿಂದ ಚಕ್ರಕ್ಕೆ ಅಡ್ಡಡ್ಡ ಹೋಗುವ ಸಲಾಕೆಗೆ ಡ್ರ್ಯಾಗ್ ಲಿಂಕ್ ಎನ್ನುತ್ತಾರೆ. ಪೆಟ್ಟಿಗೆ ಚಾಸಿಯ ಜತೆ ಮೇಲೇರಿತು, ಚಕ್ರ ನೆಲದಲ್ಲೇ ಉಳಿಯಿತು. ಸಲಾಕೆ ಹೆಚ್ಚು ಓರೆಯಾಯಿತು. ಓರೆಯಾದ ಸಲಾಕೆಯ ಅಡ್ಡ ಅಳತೆ ಕುಗ್ಗುತ್ತದೆ. ಪೈಥಾಗೊರಸ್ ಹೇಳಿಕೊಟ್ಟದ್ದು ಇದನ್ನೇ. 60 ಸೆಂ.ಮೀ. ಸಲಾಕೆ ಮಟ್ಟವಾಗಿದ್ದು ಒಂದು ತುದಿ 5 ಸೆಂ.ಮೀ. ಏರಿದರೆ ಕುಗ್ಗುವುದು ಬರೀ 2 ಮಿ.ಮೀ. ಅದೇ, ಮೊದಲೇ 10 ಸೆಂ.ಮೀ. ಓರೆ ಇದ್ದುದು 15ಕ್ಕೆ ಏರಿದರೆ ಕುಗ್ಗುವುದು ಒಂದು ಸೆಂಟಿಮೀಟರಿಗೂ ಹೆಚ್ಚು. ಮೊದಲ ಎರಡಿಂಚು ಸುಲಭದಲ್ಲಿ ದಕ್ಕಿತೆಂದು ಮತ್ತೆರಡಿಂಚಿಗೆ ಕೈ ಹಾಕುವವರು ನೆನಪಿಡಬೇಕಾದ ಲೆಕ್ಕವಿದು. ಇದರ ಫಲವಾಗಿ ಗಾಡಿ ನೇರ ಓಡುತ್ತಿದ್ದರೂ ಸ್ಟೀರಿಂಗ್ ಚಕ್ರ ಸೊಟ್ಟ ನಿಲ್ಲುತ್ತದೆ. ಹಳೆಯ ಜೀಪಿನಲ್ಲಿ ಇದು ಬರೀ ಅಂದಗೇಡು. ಜಾರುವಾಗ ತಾನಾಗಿ ಬ್ರೇಕು ಹಾಕಿ ಕಾಯುವ ಇಎಸ್‌ಪಿ ಇರುವ ವಾಹನದಲ್ಲಿ ಹಾಗಲ್ಲ. ಸ್ಟೀರಿಂಗ್ ಸೊಟ್ಟಗಿರುವುದನ್ನು ಕಂಡು, ಚಾಲಕ ತಿರುಗಿಸುತ್ತಿದ್ದಾನೆ, ಗಾಡಿ ಮಾತ್ರ ತಿರುಗುತ್ತಿಲ್ಲ ಎಂದು ಆ ಯಂತ್ರ ತಪ್ಪು ತಿಳಿಯಬಹುದು. ಡ್ರ್ಯಾಗ್ ಲಿಂಕಿನ ಉದ್ದ ಸರಿಮಾಡಿ, ಸ್ಟೀರಿಂಗ್ ಕೋನದ ಸೆನ್ಸರನ್ನು ಸೊನ್ನೆಗೆ ತಂದರೆ ಸರಿಹೋಗುತ್ತದೆ.

ಅಚ್ಚು ಎಡಬಲಕ್ಕೆ ಸರಿಯದಂತೆ ತಡೆಯುವ ಪ್ಯಾನ್‌ಹಾರ್ಡ್ ರಾಡ್ ಎಂಬ ಇನ್ನೊಂದು ಅಡ್ಡ ಸಲಾಕೆಗೂ ಇದೇ ಗತಿ. ಎತ್ತರಿಸಿದಾಗ ಅದು ಅಚ್ಚನ್ನು ಒಂದು ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಈ ಎರಡು ಸಲಾಕೆಗಳು ಅಣ್ಣತಮ್ಮಂದಿರಂತೆ ಸಮಾನಾಂತರವಾಗಿ ಇರಬೇಕು. ಒಂದನ್ನು ತಗ್ಗಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಪ್ರತಿ ಹಳ್ಳಕ್ಕೂ ಗಾಡಿ ಯಾರೂ ತಿರುಗಿಸದೆ ತಾನೇ ತಿರುಗತೊಡಗುತ್ತದೆ.

ಟೋ ಒಂದನ್ನು ಮಾತ್ರ ಯಂತ್ರವಿಲ್ಲದೆ ಮನೆಯಂಗಳದಲ್ಲೇ ಅಳೆಯಬಹುದು. ಅಪ್ಪ ಮಗ ಕೂಡಿ ಮಾಡಲು ಭಾನುವಾರಕ್ಕೆ ಒಳ್ಳೆಯ ಕೆಲಸ. ಮಟ್ಟವಾದ ನೆಲ ಬೇಕು. ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲು ಕೊಡಬೇಕು. ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಕೈಯಿಂದ ತಿರುಗಿಸುತ್ತ, ಟೈರಿನ ನಡುವೆ ಸೀಮೆಸುಣ್ಣ ಬಳಿದು ಮೊಳೆಯಿಂದ ಒಂದು ಸಣ್ಣ ಗೆರೆ ಸುತ್ತ ಎಳೆಯಬೇಕು. ಎರಡೂ ಚಕ್ರಗಳಿಗೆ ಹೀಗೆ ಮಾಡಿ, ಇಳಿಸಿ, ಕಲ್ಲು ತೆಗೆದು ಗಾಡಿಯನ್ನು ಒಂದೆರಡು ಮೀಟರ್ ಮುಂದಕ್ಕೆ ನೂಕಿದರೆ ಸ್ಪ್ರಿಂಗುಗಳು ಸಮಸ್ಥಿತಿಗೆ ಬರುತ್ತವೆ. ಆಮೇಲೆ ಹಬ್ಬಿನ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ದೂರವನ್ನು ಟೈರುಗಳ ಮುಂಭಾಗದಲ್ಲಿ ಒಮ್ಮೆ, ಹಿಂಭಾಗದಲ್ಲಿ ಒಮ್ಮೆ ಟೇಪಿನಿಂದ ಅಳೆಯಬೇಕು. ಮುಂದಿನ ದೂರ ಎರಡು ಮೂರು ಮಿ.ಮೀ. ಕಡಿಮೆ ಇದ್ದರೆ ಸಾಮಾನ್ಯವಾಗಿ ಸರಿ; ನಿಖರ ಅಂಕಿ ಆಯಾ ವಾಹನದ ಕೈಪಿಡಿಯಲ್ಲಿದೆ. ದೊಡ್ಡ ಟೈರಿಗೆ ಒಂದು ಎಚ್ಚರಿಕೆ: 71 ಸೆಂ.ಮೀ. ವ್ಯಾಸದ ಟೈರಿನಲ್ಲಿ 3 ಮಿ.ಮೀ. ಅಂದರೆ ಸುಮಾರು 0.24 ಡಿಗ್ರಿ, 84 ಸೆಂ.ಮೀ. ಟೈರಿನಲ್ಲಿ ಅದೇ 3 ಮಿ.ಮೀ. 0.20 ಡಿಗ್ರಿ. ಅದಕ್ಕೇ ಟೈರು ಬದಲಿಸಿದವರು ಮಿಲಿಮೀಟರನ್ನು ಬಿಟ್ಟು ಡಿಗ್ರಿಯ ಲೆಕ್ಕ ಹಿಡಿಯಬೇಕು.

ಇಷ್ಟು ಸಣ್ಣ ಅಂಕಿಗಳಿಗೆ ತಲೆ ಕೆಡಿಸಿಕೊಳ್ಳಬೇಕೆ ಎನ್ನುವವರು ಇನ್ನೊಂದು ಲೆಕ್ಕ ನೋಡಲಿ. ಟೋ 6 ಮಿ.ಮೀ. ಇದ್ದರೆ ಪ್ರತಿ ಚಕ್ರವೂ ತಾನು ಹೋಗಬೇಕಾದ ದಿಕ್ಕಿಗಿಂತ ಕಾಲು ಡಿಗ್ರಿಯಷ್ಟು ಓರೆಯಾಗಿ ಓಡುತ್ತಿರುತ್ತದೆ. ಒಂದು ಕಿಲೋಮೀಟರಿನಲ್ಲಿ ಆ ಟೈರು ನಾಲ್ಕು ಮೀಟರಿನಷ್ಟು ಅಡ್ಡಲಾಗಿ ಉಜ್ಜಿಸಿಕೊಳ್ಳುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಷ್ಟರಲ್ಲಿ ಒಂದೂವರೆ ಕಿಲೋಮೀಟರಿಗೆ ಸಮೀಪ! ರಬ್ಬರು ಸವೆಯದೆ ಇನ್ನೇನಾದೀತು?

ಟೈರು ಸವೆದರೆ ಹಣ ಹೋಗುತ್ತದೆ, ಅಷ್ಟೆ. ಗಟ್ಟಿ ಅಚ್ಚಿನ ವಾಹನಗಳಲ್ಲಿ ನಿಜವಾಗಿ ಭಯಪಡಬೇಕಾದದ್ದು ನಡುಕಕ್ಕೆ. ಸಾಕಷ್ಟು ವೇಗದಲ್ಲಿ ಹೋಗುತ್ತಿರುವಾಗ ಒಂದು ಸಣ್ಣ ಗುಂಡಿ ಸಿಗುತ್ತದೆ. ಮರುಕ್ಷಣ ಮುಂದಿನ ಎರಡೂ ಚಕ್ರಗಳು ಎಡಕ್ಕೂ ಬಲಕ್ಕೂ ಹುಚ್ಚು ಹಿಡಿದಂತೆ ಹೊಡೆದುಕೊಳ್ಳತೊಡಗುತ್ತವೆ. ಸ್ಟೀರಿಂಗು ಕೈಯಲ್ಲಿ ನಿಲ್ಲುವುದಿಲ್ಲ. ಅಮೆರಿಕದ ಜೀಪು ಪ್ರಿಯರು ಇದಕ್ಕೆ ಸಾವಿನ ನಡುಕ ಎಂದೇ ಹೆಸರಿಟ್ಟಿದ್ದಾರೆ. ಹಿಂದಿನ ಇಂಜಿನಿಯರುಗಳು ಅಂದಿನ ಒಂದು ನೃತ್ಯದ ಹೆಸರಿನಿಂದ ಇದನ್ನು ಶಿಮ್ಮಿ ಎಂದು ಕರೆದರು. ಹೆಚ್ಚಿನ ಕಾರುಗಳು ಗಟ್ಟಿ ಅಚ್ಚಿನ ಮೇಲೆ ಓಡುತ್ತಿದ್ದ 1920ರ ದಶಕದಲ್ಲಿ ಇದು ಅವರ ನಿದ್ದೆ ಕೆಡಿಸಿತ್ತು. ಕಾರಣ ತಿಳಿಯಲು ಸೈಕಲ್ಲಿನ ಬಿಚ್ಚಿದ ಚಕ್ರ ಸಾಕು. ಅದರ ಅಚ್ಚಿನ ಎರಡು ತುದಿ ಹಿಡಿದು ಜೋರಾಗಿ ತಿರುಗಿಸಿ, ಪಕ್ಕಕ್ಕೆ ವಾಲಿಸಿ ನೋಡಿ. ಅದು ವಾಲುವ ಬದಲು ಎಡಕ್ಕೋ ಬಲಕ್ಕೋ ತಿರುಗಲು ಹವಣಿಸುತ್ತದೆ. ಗಟ್ಟಿ ಅಚ್ಚಿನಲ್ಲಿ ಒಂದು ಚಕ್ರ ಗುಂಡಿಗೆ ಇಳಿದರೆ ಎರಡೂ ವಾಲುತ್ತವೆ, ಎರಡೂ ಒಂದೇ ಕಡೆ ತಿರುಗಲು ಹೊರಡುತ್ತವೆ. ಟೈರು ಹಿಂದಕ್ಕೆ ತಳ್ಳುತ್ತದೆ, ಮತ್ತೆ ವಾಲುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದಂತೆ ನಡುಕ ಬೆಳೆಯುತ್ತಲೇ ಹೋಗುತ್ತದೆ. ಜನರಲ್ ಮೋಟರ್ಸ್ 1934ರ ಕಾರುಗಳಲ್ಲಿ ಮುಂದಿನ ಚಕ್ರಗಳನ್ನು ಬೇರ್ಪಡಿಸಿದ್ದಕ್ಕೆ ಸುಖಪ್ರಯಾಣದ ಜತೆಗೆ ಈ ಪೀಡೆಯೂ ಒಂದು ಕಾರಣವಾಗಿತ್ತು. ಆ ಕೆಲಸದಲ್ಲಿ ಮುಂದಾಳಾಗಿದ್ದ ಮೋರಿಸ್ ಓಲಿಯ ಹೆಸರು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು.

ಗಾಡಿ ಎತ್ತರಿಸಿದ್ದರಿಂದಲೇ ನಡುಕ ಬಂತೆನ್ನುವುದು ಪೂರ್ತಿ ಸರಿಯಲ್ಲ. ಟೈ ರಾಡಿನ ತುದಿ, ಪ್ಯಾನ್‌ಹಾರ್ಡ್ ರಾಡಿನ ಬುಷ್, ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್, ಇವುಗಳಲ್ಲಿ ಎಲ್ಲೋ ಆಟ ಬಂದಿರುತ್ತದೆ. ಎತ್ತರ ಮತ್ತು ಭಾರದ ಟೈರು ಅದನ್ನು ಬಯಲಿಗೆ ತರುತ್ತವೆ. ಕೆಲವರು ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ನೆಮ್ಮದಿಯಾಗಿರುತ್ತಾರೆ. ಜ್ವರಕ್ಕೆ ಕಾರಣ ಹುಡುಕದೆ ಮೈಮೇಲೆ ತಣ್ಣೀರು ಬಟ್ಟೆ ಹಾಕಿದಂತೆ ಅದು. ಒಬ್ಬರು ಸ್ಟೀರಿಂಗನ್ನು ಅತ್ತಿತ್ತ ಅಲುಗಿಸುತ್ತಿರಬೇಕು, ಇನ್ನೊಬ್ಬರು ಪಕ್ಕದಲ್ಲಿ ಬಗ್ಗಿ ಪ್ರತಿ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಬೇಕು. ಆಟ ಬೆರಳಿಗೆ ಗೊತ್ತಾಗುತ್ತದೆ. ರಸ್ತೆಯಲ್ಲಿ ನಡುಕ ಬಂದೇಬಿಟ್ಟರೆ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ನಿಧಾನವಾಗಿ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಬೇಕು. ಕಾರಣ ಸಿಗುವತನಕ ಆ ಗಾಡಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಘಾಟಿ ಇಳಿಯಬಾರದು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತವಾಗಿ ಹೇಳಿತು. ಎತ್ತರಿಸಿದ ಗಾಡಿ ಖಾಸಗಿ ಜಾಗದ ಸ್ಪರ್ಧೆಯಲ್ಲಿ ಮೆರೆಯಬಹುದು. ಸಾರ್ವಜನಿಕ ರಸ್ತೆಯಲ್ಲಿ ತಡೆದು ನಿಲ್ಲಿಸಿದಾಗ, ಇಲ್ಲವೇ ಅಪಘಾತದ ನಂತರ ವಿಮೆಯವರು ಬಂದಾಗ ಉತ್ತರ ಕೊಡಬೇಕಾದವರು ಆರ್.ಸಿ. ಪುಸ್ತಕದಲ್ಲಿ ಹೆಸರಿರುವವರು. ಹೆಚ್ಚಾಗಿ ಅದು ಅಪ್ಪನ ಹೆಸರೇ ಆಗಿರುತ್ತದೆ.

ಇಷ್ಟೆಲ್ಲ ತಿಳಿದೂ ಕೆಲಸ ಮಾಡಿಸುವವರು, ಅಥವಾ ಯಾರೋ ಮಾಡಿಸಿದ ಗಾಡಿಯನ್ನು ಕೊಂಡವರು, ಹೊಂದಾಣಿಕೆಯನ್ನು ಒಂದು ಕ್ರಮದಲ್ಲಿ ಮಾಡಿಸಬೇಕು. ಮೊದಲು ಟೈರಿನ ಗಾಳಿ, ಬೇರಿಂಗು, ಜಾಯಿಂಟುಗಳ ಆಟ. ಆಮೇಲೆ ಕ್ಯಾಸ್ಟರ್. ಅನಂತರ ಟೋ. ಕೊನೆಗೆ ಸ್ಟೀರಿಂಗ್ ಚಕ್ರ ನೇರ ಮಾಡುವುದು. ತಲೆಕೆಳಗು ಮಾಡಿದರೆ ಒಂದನ್ನು ಸರಿಪಡಿಸುವಾಗ ಇನ್ನೊಂದು ಕೆಟ್ಟಿರುತ್ತದೆ. ಕ್ಯಾಸ್ಟರನ್ನು ಯಂತ್ರ ನೇರವಾಗಿ ನೋಡಲಾರದು. ಚಕ್ರಗಳನ್ನು ಗೊತ್ತಾದಷ್ಟು ಡಿಗ್ರಿ ಎಡಕ್ಕೂ ಬಲಕ್ಕೂ ತಿರುಗಿಸಿ, ಆಗ ಕ್ಯಾಂಬರ್ ಎಷ್ಟು ಬದಲಾಯಿತು ಎಂಬುದರಿಂದ ಅದು ಲೆಕ್ಕ ಹಾಕುತ್ತದೆ. ಸಮಯ ಉಳಿಸಲು ಈ ಹಂತವನ್ನು ಬಿಟ್ಟು ಟೋ ಮಾತ್ರ ನೋಡಿ ಕಳಿಸುವ ಅಂಗಡಿಗಳೂ ಇವೆ. ಹಣ ಕೊಡುವವರು ಪಕ್ಕದಲ್ಲಿ ನಿಂತು, ಚಕ್ರಗಳನ್ನು ಎರಡೂ ಕಡೆ ತಿರುಗಿಸಿ ಅಳೆದರೇ ಎಂದು ನೋಡಬೇಕು. ಎತ್ತರಿಸುವ ಮೊದಲು ಒಂದು, ಎತ್ತರಿಸಿದ ನಂತರ ಒಂದು, ಹೀಗೆ ಅಂಕಿಗಳ ಎರಡು ಹಾಳೆ ಕೇಳಿ ಪಡೆದು ಗಾಡಿಯ ಕಾಗದಪತ್ರಗಳ ಜತೆ ಇಡಬೇಕು.